ಮುಖ ಯಾವ ಇಲಾಖೆಗೂ ಸೇರಿದ್ದಲ್ಲ

ನಮ್ಮೂರಿನಲ್ಲಿ ಬೆಂಚಿನ ಮೇಲೆ ಕೂರುವ ಮುಂಚೆ ಎಲ್ಲರೂ ಒಮ್ಮೆ ಅಂಗೈಯಿಂದ ತಟ್ಟಿ ನೋಡುತ್ತಾರೆ. ಬಸ್ ನಿಲ್ದಾಣವಿರಲಿ, ಆಸ್ಪತ್ರೆಯ ವರಾಂಡವಿರಲಿ, ಕ್ಷೌರದ ಅಂಗಡಿಯಿರಲಿ. ಅಂಗೈಗೆ ಬೆಚ್ಚಗಿನದೇನೋ ತಾಗಿದರೆ ‘ಕುಂದ್ರು, ಕುಂದ್ರು’ ಎಂದು ಪಕ್ಕಕ್ಕೆ ಸರಿದು ಕೂರುತ್ತಾರೆ. ಕಂಡಕ್ಟರ್ ಖಾಲಿ ಸೀಟಿಗೆ ಹಾಫ್ ಟಿಕೆಟ್ ಹರಿದು ಕಿಟಕಿಯ ಸರಳಿಗೆ ಸಿಕ್ಕಿಸಿ ಮುಂದೆ ಹೋಗುತ್ತಾನೆ. ಬೇಕರಿಯವನು ಬೆಳಿಗ್ಗೆ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಬನ್ನು ಇಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಮತ್ತೆ ತಿರುಗುವಷ್ಟರಲ್ಲಿ ಬನ್ನು ಇರುವುದಿಲ್ಲ. ಇದರಿಂದ ಅವನು ಧರ್ಮಾತ್ಮ ಎಂದು ನಾನು ಹೇಳುವುದಿಲ್ಲ. ಬನ್ನು ಇಡುವುದು ಸುಲಭದ ಕೆಲಸ.

ಯಾರದೋ ಹಿಡಿತಕ್ಕೆ ಸಿಕ್ಕಿ ದುಡಿಯುವ ಮಗು ನಮ್ಮೂರಿನಲ್ಲಿ ಜನರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಮಾತ್ರ ಅವರವರ ಇಲಾಖೆಗೆ ತಕ್ಕಷ್ಟು ಕಾಣುತ್ತದೆ. ಪೊಲೀಸರಿಗೆ ಕಾಲು. ಕಾರ್ಮಿಕ ಇಲಾಖೆಯವರಿಗೆ ಕೈ. ಆಸ್ಪತ್ರೆಯವರಿಗೆ ಬೆನ್ನು ಮತ್ತು ಪಕ್ಕೆಲುಬು. ಶಾಲೆಯವರಿಗೆ ದನಿಯೊಂದು ಕೇಳಿಸುತ್ತದೆ, ಕಾಣುವುದೇನೂ ಇಲ್ಲ. ಮುಖ ಯಾವ ಇಲಾಖೆಗೂ ಸೇರಿದ್ದಲ್ಲ. ಆ ಮಗುವನ್ನು ದುಡಿಸಿಕೊಳ್ಳುವವನಿಗೆ ಮಾತ್ರ ಅದು ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣುತ್ತದೆ. ಅವನಿಗೆ ಯಾರ ಸಹಾಯವೂ ಬೇಕಾಗುವುದಿಲ್ಲ.

ನಮಗೆ ಬೇಕಾಗುತ್ತದೆ. ಅದಕ್ಕೇ ಕೂಡುಮೇಜು ಇರುವುದು. ತಾಲ್ಲೂಕು ಕಚೇರಿಯ ಹಿಂದೆ ತಗಡಿನ ಸೂರಿನ ಒಂದು ಕೋಣೆ, ಅದರಲ್ಲಿ ಒಂದು ತೇಗದ ಮೇಜು, ಸುತ್ತ ನಾಲ್ಕು ಕುರ್ಚಿ, ತುದಿಯಲ್ಲಿ ಒಂದು ಖಾಲಿ ಕುರ್ಚಿ. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ನಾಲ್ಕು ಇಲಾಖೆಯವರು ಬಂದು ಕೂರುತ್ತಾರೆ. ಒಬ್ಬೊಬ್ಬರೇ ತಾವು ಕಂಡದ್ದನ್ನು ಹೇಳುತ್ತಾರೆ. ಹೇಳುತ್ತ ಹೋದ ಹಾಗೆ ಖಾಲಿ ಕುರ್ಚಿಯ ಮೇಲೆ ಒಂದೊಂದೇ ಭಾಗ ಬಂದು ಕೂರುತ್ತದೆ, ಕೋಣೆಯಲ್ಲಿರುವ ಎಲ್ಲರಿಗೂ ಕಾಣುವ ಹಾಗೆ. ಅದು ಮಗುವಿನ ಪಡಿಯಚ್ಚು ಅಷ್ಟೇ, ಮಗು ತಾನಿದ್ದಲ್ಲೇ ಇರುತ್ತದೆ. ಎಲ್ಲ ಭಾಗಗಳೂ ಒಂದೇ ಮಗುವಿನದಾಗಿದ್ದರೆ ಕೊನೆಗೆ ಮುಖ ಬರುತ್ತದೆ. ನಾಲ್ವರೂ ಆ ಮುಖವನ್ನು ಒಟ್ಟಿಗೆ ನೋಡಿದ ಕ್ಷಣದಿಂದ ಇಡೀ ಊರಿಗೆ ಆ ಮಗು ಕಾಣತೊಡಗುತ್ತದೆ, ಎಲ್ಲಿದ್ದರೂ ಸರಿ.

ನಾನು ಆ ಮೇಜಿನ ಗುಮಾಸ್ತೆ. ನನಗೆ ಇಲಾಖೆ ಇಲ್ಲ, ದಿನಗೂಲಿ. ಕಾಲೂ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ. ಫಾರಂನಲ್ಲಿ ಮುಖದ ಕಾಲಂ ಒಂದಿದೆ, ಅದನ್ನು ತುಂಬುವುದು ನನ್ನ ಕೆಲಸ. ಕುರ್ಚಿಯ ಮೇಲಿನ ಮುಖ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಆಮೇಲೆ ನೋಡಿದವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆದ್ದರಿಂದ ಆಗಲೇ ಬರೆದುಕೊಳ್ಳಬೇಕು. ಕೆಲಸಕ್ಕೆ ಸೇರುವಾಗ ತಹಶೀಲ್ದಾರರು ಪ್ಯೂನನನ್ನು ಎದುರಿಗೆ ನಿಲ್ಲಿಸಿ ಇವನ ಮುಖವನ್ನು ನಾಲ್ಕು ಸಾಲಿನಲ್ಲಿ ಬರೆ ಅಂದರು. ಹಾಸ್ಟೆಲಿನ ಲೈಬ್ರರಿಯಲ್ಲಿ ಎರಡು ಬೀರು ಕಾದಂಬರಿ ಓದಿ ಮುಗಿಸಿದ್ದ ನಾನು ‘ಅರಳಿದ ಕಮಲ’ ಎಂದೇನೂ ಬರೆಯಲಿಲ್ಲ. ‘ಬಲಗಡೆಯ ಮೀಸೆ ಎಡದ್ದಕ್ಕಿಂತ ತೆಳು, ಕೆಳಗಿನ ಹಲ್ಲು ಎರಡಿಲ್ಲ, ಸಾಹೇಬರ ಕಡೆ ನೋಡುವಾಗ ಒಂದು ಹುಬ್ಬು ಏರುತ್ತದೆ’ ಎಂದು ಬರೆದೆ. ಪ್ಯೂನ್ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಕೆಲಸ ಸಿಕ್ಕಿತು.

ಮೊದಲ ಸಲ ಮುಖ ಬಂದದ್ದನ್ನು ನೋಡಿದಾಗ ನನ್ನ ಪೆನ್ನು ಕೆಳಗೆ ಬಿತ್ತು. ಇಂಥದಕ್ಕೆ ಪುಸ್ತಕಗಳಲ್ಲಿ ಬೇಕಾದಷ್ಟು ಹೋಲಿಕೆಗಳಿವೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಮೊದಲು ಒಂದು ಕಿವಿ ಬಂತು. ಆಮೇಲೆ ಗಲ್ಲ. ಆಮೇಲೆ ಎರಡು ಕಣ್ಣು ಒಟ್ಟಿಗೆ ತೆರೆದವು, ತೆರೆದ ಕೂಡಲೇ ನಮ್ಮನ್ನು ಎಣಿಸಿದವು. ಮೇಜಿನ ಸುತ್ತ ಕೂತಿದ್ದ ನಾಲ್ವರೂ ಎದ್ದು ನಿಂತರು. ಹೀಗೆ ಎದ್ದು ನಿಲ್ಲಬೇಕೆಂದು ಯಾವ ಆದೇಶದಲ್ಲೂ ಇಲ್ಲ. ಆಮೇಲೂ ಪ್ರತಿ ಸಲ ನಿಂತಿದ್ದಾರೆ, ನಾನೂ ನಿಂತಿದ್ದೇನೆ. ಎರಡು ವರ್ಷದಲ್ಲಿ ಹದಿನೇಳು ಮುಖ ಬರೆದಿದ್ದೇನೆ. ರೂಢಿಯಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ.

ಮೇಜಿಗೆ ಒಂದು ಕಟ್ಟಳೆ ಇದೆ. ಕಂಡದ್ದನ್ನು ಕಂಡೆ ಎನ್ನಬೇಕು, ಕೇಳಿದ್ದನ್ನು ಕೇಳಿದೆ ಎನ್ನಬೇಕು. ‘ಇರಬಹುದು’ ಎನ್ನುವ ಮಾತು ಬಾಯಿಂದ ಬಂದರೆ ಅವರು ಎದ್ದು ಹೊರಗೆ ಹೋಗಿ, ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬರಬೇಕು. ಅಧಿಕಾರಿ ಯಾರೇ ಆಗಲಿ. ಹಿಂದೊಮ್ಮೆ ಯಾರೋ ಆಡಿದ ಒಂದು ಇರಬಹುದು ಕುರ್ಚಿಯ ಮೇಲೆ ಹತ್ತಿ ಕೂತು, ಯಾವ ಮಗುವಿನದೂ ಅಲ್ಲದ ಮುಖ ಬಂದಿತ್ತಂತೆ. ಆ ಮುಖ ಹುಡುಕಿಕೊಂಡು ಎರಡು ತಿಂಗಳು ಅಲೆದರಂತೆ. ಅಷ್ಟರಲ್ಲಿ ನಿಜವಾದ ಮಗು ಸೇತುವೆ ದಾಟಿ ಹೋಗಿತ್ತು. ಸೇತುವೆಯಾಚೆ ನಮ್ಮ ಇಲಾಖೆಗಳಿಗೆ ಕಾಲೂ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ, ದನಿಯೂ ಕೇಳುವುದಿಲ್ಲ.

ಚೆನ್ನವ್ವನ ಕಡತ ಏಳನೆಯ ಗುರುವಾರಕ್ಕೆ ಬಂದಿತ್ತು. ನಾಲ್ಕನೆಯ ಕ್ಲಾಸಿನ ಫಿಲೋಮಿನಾ ಟೀಚರ್ ಹಾಜರಿ ಕರೆಯುವಾಗ, ಚೆನ್ನವ್ವ ಎಂದರೆ ಖಾಲಿ ಬೆಂಚಿನಿಂದ ‘ಓ ಟೀಚರ್’ ಎಂದು ದನಿ ಬರುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ದ್ಯಾಮಣ್ಣನವರು ಪ್ರತಿ ಸೋಮವಾರ ಕೂದಲು ಗೋದಾಮಿನ ಓಣಿಯಲ್ಲಿ ಗಸ್ತು ತಿರುಗುವಾಗ, ನೀರಿನ ಕೊಡದ ಕೆಳಗೆ ನಡೆಯುವ ಎರಡು ಬರಿಗಾಲು ಕಂಡಿದ್ದರು. ಕಾರ್ಮಿಕ ಇಲಾಖೆಯ ಹನೀಫ್ ಸಾಹೇಬರು ಮಂಗಳವಾರದ ತಪಾಸಣೆಯಲ್ಲಿ, ಅದೇ ಗೋದಾಮಿನಲ್ಲಿ ಮೊಳೆ ಹಲಗೆಯ ಮೇಲೆ ಕೂದಲು ಬಾಚುವ ಎರಡು ಕೈ ಕಂಡಿದ್ದರು. ಊರೂರಿನಿಂದ ಗಂಟುಗಟ್ಟಿದ ಕೂದಲು ತಂದು, ಮೊಳೆಗಳ ನಡುವೆ ಎಳೆದು ಬಿಡಿಸಿ, ಉದ್ದದ ಲೆಕ್ಕದಲ್ಲಿ ಕಟ್ಟು ಕಟ್ಟಿ, ವಿಗ್ ಮಾಡುವವರಿಗೆ ಕಳಿಸುವ ಗೋದಾಮು ಅದು. ಆಸ್ಪತ್ರೆಯ ಸರೋಜಿನಿ ಸಿಸ್ಟರ್ ಬುಧವಾರ ಓಣಿಯಲ್ಲಿ ಜ್ವರದ ಗುಳಿಗೆ ಹಂಚುವಾಗ ಒಂದು ಬೆನ್ನು ಕಂಡಿದ್ದರು, ಎಲುಬು ಎಣಿಸುವಂಥದ್ದು.

ನಾಲ್ಕೂ ಸಿಕ್ಕಿದ್ದವು. ಆರು ಗುರುವಾರ ನಾಲ್ಕನ್ನೂ ಕೂಡಿಸಿದೆವು. ಮುಖ ಬರಲಿಲ್ಲ. ಕುರ್ಚಿಯ ಮೇಲೆ ಕೂತದ್ದು ನೋಡಲು ಸಂಕಟವಾಗುವಂತಿತ್ತು. ಕಾಲು ನೆಲದಿಂದ ಒಂದು ಗೇಣು ಮೇಲೆ ತೂಗಾಡುತ್ತಿದ್ದವು, ಕೈ ಮಾತ್ರ ಉದ್ದವಾಗಿ ಮೇಜಿನ ಅಂಚಿಗೆ ಮುಟ್ಟುತ್ತಿದ್ದವು. ಬೆನ್ನು ಚಿಕ್ಕದು, ದನಿ ದೊಡ್ಡದು. ಕತ್ತಿನ ಮೇಲೆ ಬಯಲು.

ಏಳನೆಯ ಗುರುವಾರ ದ್ಯಾಮಣ್ಣನವರು ಕುರ್ಚಿ ಎಳೆಯುತ್ತಲೇ ಹೇಳಿದರು. ‘ಓಣ್ಯಾಗ ಲಾರಿ ನಿಂತೈತ್ರಿ. ಡ್ರೈವರ್ ಚಾದಂಗಡ್ಯಾಗ ಸಿಕ್ಕಿದ್ದ. ನಾಕು ಗಂಟೆಕ್ಕ ಹೊಂಡ್ತಾನಂತ, ಕೂದಲ ಮೂಟಿ ಜತಿಗೆ ಕೆಲಸದ ಹುಡುಗರನ್ನೂ ಹಾಕ್ಕೊಂಡು ಸೇತುವೆ ಆಚೆ ಹೋಗ್ತಾನಂತ.’

‘ತಡೀರಿ ಮತ್ತ. ನೀವು ಪೊಲೀಸರಲ್ಲೇನು’ ಎಂದರು ಸರೋಜಿನಿ ಸಿಸ್ಟರ್.

‘ಏನಂತ ತಡೀಲಿ ಸಿಸ್ಟರ್? ಲಾರ್‍ಯಾಗ ಎರಡು ಕಾಲು ಅದಾವು, ಅವು ನನಗ ಒಬ್ಬನಿಗೇ ಕಾಣ್ತಾವು ಅಂತ ಬರೀಲ್ಯಾ? ಮಾರಿ ಇಲ್ಲದ ಕೂಸಿಗೆ ಕೇಸ್ ನಿಲ್ಲಂಗಿಲ್ಲ.’

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತಾಗಿತ್ತು. ನಾಲ್ವರೂ ಸರಸರನೆ ಹೇಳಿದರು, ಭಾಗಗಳು ಬಂದು ಕೂತವು. ಅದೇ ತೂಗಾಡುವ ಕಾಲು, ಅದೇ ಉದ್ದ ಕೈ. ಮುಖವಿಲ್ಲ. ಇನ್ನೊಮ್ಮೆ ಹೇಳಿದರು. ಇಲ್ಲ.

‘ದ್ಯಾಮಣ್ಣ, ನಿಮ್ಮ ಕಾಲು ತಪ್ಪು ಅದಾವು’ ಎಂದರು ಹನೀಫ್ ಸಾಹೇಬರು. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವರು ಅಷ್ಟೇ, ಆದರೆ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು.

‘ನನ್ನ ಕಾಲು ಸರಿ ಅದಾವ್ರಿ ಸಾಹೇಬ್ರ. ಮೂವತ್ತು ವರ್ಷ ಆತು ಕಾಲು ನೋಡಾಕತ್ತು. ನಿಮ್ಮ ಕೈ ಯಾರವೋ ನೋಡ್ಕೋರಿ.’

‘ನನ್ನ ಕೈಗೆ ಏನಾಗೇತಿ? ಬೆರಳ ಸಂದ್ಯಾಗ ಕೂದಲು ಕೊಯ್ದ ಗೆರಿ ಸೈತ ಎಣಿಸೀನಿ. ಹನ್ನೆರಡು.’

‘ನಿಮ್ಮ ಕೈಕಾಲಿನ ಜಗಳ ಆಮ್ಯಾಲ ಮಾಡ್ರಿ’ ಎಂದರು ಸಿಸ್ಟರ್. ‘ನಡುವ ನನ್ನ ಬೆನ್ನು ಬಿಸಿಲಿಗೆ ಒಣಗಾಕ ಹಾಕಿದ ಹಪ್ಪಳದಂಗ ಕುಂತೈತಿ. ಅದನ್ನ ಯಾರಿಗೆ ಜೋಡಸ್ಲಿ ಹೇಳ್ರಿ.’

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಫಿಲೋಮಿನಾ ಟೀಚರ್ ಮಾತ್ರ ಮೇಜಿನ ಮೇಲಿನ ಒಂದು ಗೀರನ್ನು ಉಗುರಿನಿಂದ ಕೆರೆಯುತ್ತಿದ್ದರು. ದಪ್ಪ ಹೆಂಗಸು, ನಡೆದರೆ ಏದುಸಿರು ಬಿಡುತ್ತಾರೆ, ಇಪ್ಪತ್ತಾರು ವರ್ಷದಿಂದ ನಾಲ್ಕನೆಯ ಕ್ಲಾಸನ್ನೇ ಕಲಿಸುತ್ತಿದ್ದಾರೆ. ಮೇಜಿನಲ್ಲಿ ಒಮ್ಮೆಯೂ ನಲ್ಲಿಗೆ ಹೋಗದವರೆಂದರೆ ಅವರೊಬ್ಬರೇ. ಹನೀಫ್ ಸಾಹೇಬರು ತಿಂಗಳಿಗೆ ಎರಡು ಸಲವಾದರೂ ಬಾಯಿ ತೊಳೆಯುತ್ತಿದ್ದರು.

‘ಟೀಚರ್, ಇವತ್ತು ಹಾಜರಿಗೆ ಏನಂದಳು?’ ಎಂದು ನಾನು ಕೇಳಿದೆ. ಗುಮಾಸ್ತೆ ಕೇಳುವ ಹಾಗಿಲ್ಲ, ಆದರೂ ಕೇಳಿದೆ.

‘ಏನೂ ಅನ್ನಲಿಲ್ಲ’ ಎಂದರು ಅವರು. ‘ಏಳು ವಾರದಲ್ಲಿ ಇವತ್ತೇ ಮೊದಲು. ಬೆಂಚಿನಿಂದ ದನಿಯೇ ಬರಲಿಲ್ಲ.’

ಹಾಗೆಂದವರು ಎದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ದಾಟಿ ಅಂಗಳಕ್ಕೆ ಹೋದರು. ಕಿಟಕಿಯಿಂದ ನಮಗೆ ಕಾಣುತ್ತಿತ್ತು. ನಲ್ಲಿ ತಿರುಗಿಸಿದರು, ಬೊಗಸೆ ತುಂಬ ನೀರು ತೆಗೆದುಕೊಂಡು ಮೂರು ಸಲ ಬಾಯಿ ಮುಕ್ಕಳಿಸಿದರು, ಬಾಯಿ ಒರೆಸಿಕೊಂಡರು, ನಲ್ಲಿ ನಿಲ್ಲಿಸಿದರು.

‘ಟೀಚರ್ ಏನಂದ್ರು ಈಗ?’ ಎಂದು ದ್ಯಾಮಣ್ಣನವರು ನನ್ನನ್ನು ಕೇಳಿದರು. ‘ಆ ಮಾತು ಆಡಿದ್ರೇನು? ನನಗ ಕೇಳಸಲಿಲ್ಲ.’

‘ಏನೂ ಅಂದಿಲ್ಲ’ ಎಂದೆ.

ಟೀಚರ್ ಬಂದು ಕೂತರು. ಅವರ ಗಲ್ಲದಲ್ಲಿ ಇನ್ನೂ ನೀರು ಇತ್ತು. ‘ಮೊದಲೇ ಮುಕ್ಕಳಿಸಿಕೊಂಡು ಬಂದಿದ್ದೀನಿ’ ಎಂದರು. ‘ಈಗ ಹೇಳ್ತೀನಿ. ಯಾರೂ ನಡುವೆ ಮಾತಾಡಬೇಡಿ. ಇಬ್ಬರು ಇರಬಹುದು.’



ಅವರು ಮುಂದೆ ಹೇಳಿದರು. ಸೋಮವಾರ, ಬುಧವಾರ, ಶುಕ್ರವಾರ ‘ಓ’ ಎನ್ನುವ ದನಿ ಗಡಸು. ಉಳಿದ ದಿನಗಳದು ಎಳೆ ದನಿ, ಬಾಳೆಹಣ್ಣನ್ನು ಬಾಲೆಹಣ್ಣು ಎನ್ನುತ್ತದೆ. ಮೊದಲ ವಾರವೇ ಗೊತ್ತಾಗಿತ್ತು. ನೆಗಡಿ ಅಂದುಕೊಂಡರು. ಪರೀಕ್ಷೆ ಮಾಡಲೆಂದು ಸೋಮವಾರ ಏಳರ ಮಗ್ಗಿ ಕಲಿಸಿ ಮಂಗಳವಾರ ಕೇಳಿದರು. ಎಳೆ ದನಿ ತಪ್ಪಿಲ್ಲದೆ ಒಪ್ಪಿಸಿತು, ‘ಏಲೇಲ್ಲಿ ನಲವತ್ತೊಂಬತ್ತು’ ಎಂದು. ನಿನ್ನೆ ಕಲಿಸಿದ್ದು ಇವತ್ತಿನ ದನಿಗೆ ಗೊತ್ತಿದ್ದರೆ ಅದು ಒಂದೇ ಮಗು ತಾನೆ. ಹಾಗೆಂದು ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಒಪ್ಪಲಿಲ್ಲ. ಆದರೆ ಮೇಜಿಗೆ ಬಂದು ಹೇಳುವುದಾದರೆ ‘ಇರಬಹುದು’ ಎನ್ನುವ ಆ ಒಂದು ಮಾತಿನಿಂದಲೇ ಹೇಳಬೇಕಾಗಿತ್ತು. ‘ಕೇಳಿದ್ದು ಎರಡು ದನಿ ಅಂತ ಹೇಳಬಹುದಿತ್ತು. ಹೇಳಿದ್ದರೆ ನೀವು ಎರಡು ಮಗುವಾ ಅಂತ ಕೇಳ್ತಿದ್ರಿ. ಗೊತ್ತಿಲ್ಲ ಅಂದರೆ ನಗ್ತಿದ್ರಿ. ಇರಬಹುದು ಅಂದರೆ ನಲ್ಲಿಗೆ ಕಳಿಸ್ತಿದ್ರಿ. ಇಪ್ಪತ್ತಾರು ವರ್ಷ ನಲ್ಲಿಗೆ ಹೋಗಿಲ್ಲ ನಾನು.’ ಅವರು ತಲೆ ಎತ್ತಲಿಲ್ಲ. ‘ಆ ಜಂಬಕ್ಕೆ ಏಳು ವಾರ ಹೋಯಿತು.’

ನಾನು ಫಾರಂ ನೋಡಿದೆ. ನಮ್ಮ ಫಾರಂನ ಎರಡನೆಯ ಸಾಲಿನಲ್ಲಿ ‘ಮಗುವಿನ ಸಂಖ್ಯೆ: ೧’ ಎಂದು ಅಚ್ಚಾಗಿಯೇ ಬಂದಿದೆ. ಏಳು ವಾರ ಆ ಒಂದರ ಕೆಳಗೆ ನಾನೇ ಎಲ್ಲ ಬರೆದಿದ್ದೆ. ತೂಗಾಡುವ ಕಾಲು, ಉದ್ದದ ಕೈ ಎಂದು ನನ್ನ ಅಕ್ಷರದಲ್ಲೇ ಇತ್ತು. ಟೀಚರನ್ನು ಬೈಯುವ ಯೋಗ್ಯತೆ ನನಗೂ ಇರಲಿಲ್ಲ. ಅಚ್ಚಾದ ಒಂದನ್ನು ಹೊಡೆದುಹಾಕಿದೆ. ಪೆನ್ನು ಒತ್ತಿದ್ದಕ್ಕೆ ಕಾಗದ ಹರಿಯಿತು.

‘ಮೇಸ್ತ್ರಿಗೆ ನಮ್ಮ ವಾರಗಳು ಗೊತ್ತು’ ಎಂದರು ಹನೀಫ್ ಸಾಹೇಬರು ನಿಧಾನವಾಗಿ. ಅವರು ಹೇಳಿದ್ದು ಗೋದಾಮಿನ ಮೇಸ್ತ್ರಿ ಸೋಮಲಿಂಗನ ಬಗ್ಗೆ. ‘ಒಂದು ಹೆಸರು, ಎರಡು ಹುಡುಗೀರು. ಹಾಜರಿ ತುಂಬಿದ್ರ ಸಾಲಿಯವರು ಹುಡುಕ್ಕೋತ ಬರಂಗಿಲ್ಲ. ಒಬ್ಬಾಕಿ ಸಾಲಿಗೆ ಹೋದ ದಿನ ಇನ್ನೊಬ್ಬಾಕಿ ಹಲಗಿ ಮುಂದ. ಸೋಮವಾರ ಪೊಲೀಸರು, ಮಂಗಳವಾರ ನಾನು. ಯಾರ ಕೈಗೆ ಯಾರ ಕಾಲೂ ಕೂಡಂಗಿಲ್ಲ.’

ಹೇಳುತ್ತ ಹೇಳುತ್ತ ಅವರ ಮುಖ ಇಳಿಯಿತು. ಜೇಬಿನಿಂದ ಸಣ್ಣ ಡೈರಿ ತೆಗೆದರು. ಒಂದು ಮಂಗಳವಾರ ರಜೆ ಬಂದಿದ್ದಕ್ಕೆ ಬುಧವಾರ ತಪಾಸಣೆಗೆ ಹೋಗಿದ್ದರಂತೆ. ಅವತ್ತು ಕಂಡ ಕೈ ಗಿಡ್ಡವಾಗಿದ್ದವು, ಉಗುರು ಕಚ್ಚಿದ್ದವು. ಹಿಂದಿನ ಕೈಗೆ ತಾಳೆಯಾಗದ್ದಕ್ಕೆ ಆ ಹಾಳೆಯನ್ನು ಮಡಿಸಿ ಇಟ್ಟುಬಿಟ್ಟಿದ್ದರು. ಸರೋಜಿನಿ ಸಿಸ್ಟರ್ ಹಣೆ ಚಚ್ಚಿಕೊಂಡರು. ಗುಳಿಗೆ ಸಾಲದೆ ಒಂದು ಗುರುವಾರ ಬೆಳಿಗ್ಗೆ ಮತ್ತೆ ಓಣಿಗೆ ಹೋದಾಗ ಉದ್ದನೆಯ ಬೆನ್ನೊಂದು ಕಂಡಿತ್ತು. ಬೇರೆ ಯಾರದೋ ಎಂದು ಬಿಟ್ಟಿದ್ದರು. ದ್ಯಾಮಣ್ಣನವರು ಹೊರಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದರು. ಆಮೇಲೆ ಹೇಳಿದರು: ಬಂದೋಬಸ್ತಿನ ವಾರ ಶನಿವಾರ ಗಸ್ತು ಬಿದ್ದಿತ್ತು, ಅವತ್ತು ಕಂಡ ಕಾಲಿನ ಹಿಮ್ಮಡಿಯಲ್ಲಿ ಸುಟ್ಟ ಕಲೆ ಇತ್ತು. ‘ಹೊಂದಲಿಲ್ಲ ಅಂತ ಬರೀಲಿಲ್ಲ, ತಂಗಿ’ ಎಂದು ನನ್ನ ಕಡೆ ನೋಡಿದರು, ನಾನು ಕ್ಷಮಿಸುವ ಅಧಿಕಾರಿಯೋ ಎನ್ನುವ ಹಾಗೆ.

ನಾಲ್ವರ ಹತ್ತಿರವೂ ಇನ್ನೊಂದು ಮಗುವಿನ ಪಾಲು ಇತ್ತು. ಹೊಂದಲಿಲ್ಲವೆಂದು ನಾಲ್ವರೂ ಅದನ್ನು ಬೇರೆ ಬೇರೆಯಾಗಿ ಎಸೆದಿದ್ದರು.

ನಾನು ಪಕ್ಕದ ಕಡತಗಳ ಕೋಣೆಯಿಂದ ಇನ್ನೊಂದು ಕುರ್ಚಿ ಎಳೆದುಕೊಂಡು ಬಂದೆ, ಒಂದು ಕಾಲು ಗಿಡ್ಡ ಇದ್ದದ್ದು. ರಿಜಿಸ್ಟರ್ ತೆಗೆದು ವಾರಗಳನ್ನು ಓದತೊಡಗಿದೆ. ಸೋಮವಾರದ ಕಾಲು ಈ ಕುರ್ಚಿಗೆ. ಮಂಗಳವಾರದ ಕೈ ಆ ಕುರ್ಚಿಗೆ. ಬುಧವಾರದ ಬೆನ್ನು ಈ ಕಡೆ, ಸೋಮವಾರದ ದನಿ ಆ ಕಡೆ. ನಾಲ್ವರೂ ನಿಂತೇ ಹೇಳಿದರು. ದ್ಯಾಮಣ್ಣನವರು ಸುಟ್ಟ ಕಲೆಯನ್ನು ಹೇಳುವಾಗ ತಮ್ಮ ಬೂಟಿನ ಹಿಂಭಾಗ ಮುಟ್ಟಿ ತೋರಿಸಿದರು. ಟೀಚರ್ ಏಳರ ಮಗ್ಗಿಯನ್ನು ಎರಡು ದನಿಯಲ್ಲಿ ಹೇಳಿದರು, ಮೊದಲು ಗಡಸಾಗಿ, ಆಮೇಲೆ ಳಕಾರವಿಲ್ಲದೆ.

ಮೊದಲ ಕುರ್ಚಿಯಲ್ಲಿ ಕಾಲು, ಕೈ, ಬೆನ್ನು ಒಂದಕ್ಕೊಂದು ತಾಕಿ ಸರಿಯಾಗಿ ಕೂತವು, ತೂಗಾಡುವ ಕಾಲಿಗೆ ತಕ್ಕ ಗಿಡ್ಡ ಕೈ. ಎರಡನೆಯ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿತು. ಆಮೇಲೆ ಎರಡು ಕತ್ತಿನ ಮೇಲೂ ಒಟ್ಟಿಗೆ ಮುಖ ಬರತೊಡಗಿತು. ನಾನು ಎರಡು ಮುಖ ಒಟ್ಟಿಗೆ ಬಂದದ್ದನ್ನು ಹಿಂದೆ ನೋಡಿರಲಿಲ್ಲ, ನೋಡಿದವರ ಬಗ್ಗೆ ಕೇಳಿಯೂ ಇರಲಿಲ್ಲ. ನಾಲ್ಕು ಕಣ್ಣು ತೆರೆದವು. ಹಿಂದಿನ ಮಕ್ಕಳೆಲ್ಲ ಕಣ್ಣು ಬಿಟ್ಟ ಕೂಡಲೇ ನಮ್ಮ ಕಡೆ ನೋಡಿದ್ದರು. ಇವರಿಬ್ಬರೂ ನಮ್ಮನ್ನು ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು, ಇನ್ನೊಬ್ಬಳು ಇದ್ದಾಳೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ. ಪ್ರತಿ ಸಂಜೆ ಗೋದಾಮಿಗೆ ಮರಳಿದವಳು ಅವತ್ತಿನ ಪಾಠವನ್ನೆಲ್ಲ ಇನ್ನೊಬ್ಬಳಿಗೆ ಬಾಯಿಪಾಠ ಮಾಡಿಸುತ್ತಿದ್ದಳು ಎನ್ನುವುದು ನಮಗೆ ಆಮೇಲೆ ತಿಳಿಯಿತು. ಮೇಸ್ತ್ರಿ ಹಾಗೆ ಮಾಡಲು ಹೇಳಿರಲಿಲ್ಲ. ಮಗ್ಗಿ ಅವನಿಗೆ ಬೇಕಿರಲಿಲ್ಲ.

ಕೂಡಲೇ ಬರೆದುಕೊಂಡೆ. ‘ದೊಡ್ಡವಳು: ಎಡ ಹುಬ್ಬಿನ ತುದಿ ಕತ್ತರಿಸಿದೆ, ತುಟಿ ಒಡೆದಿದೆ, ಗಂಭೀರ. ಚಿಕ್ಕವಳು: ಕಿವಿ ಅಗಲ, ಮೇಲಿನ ಹಲ್ಲು ಹೊಸದಾಗಿ ಬರುತ್ತಿವೆ, ಮೂಗು ಸೋರುತ್ತಿದೆ.’ ಸುಂದರವಾಗಿದ್ದರು ಎಂದು ಬರೆಯುವ ಕಾಲಂ ಇಲ್ಲ. ಇದ್ದಿದ್ದರೂ ಬರೆಯುತ್ತಿರಲಿಲ್ಲ, ಹಾಗೆ ಇರಲಿಲ್ಲ. ಎರಡು ಸಾಧಾರಣ ಮುಖಗಳು. ಅವುಗಳ ಎದುರು ಐದು ಜನ ದೊಡ್ಡವರು ನಿಂತಿದ್ದೆವು.

ಏಳು ವಾರದ ರಿಜಿಸ್ಟರ್ ತಿರುವಿ ಭಾಗಗಳನ್ನು ಬೇರ್ಪಡಿಸುವುದರಲ್ಲೇ ಹೊತ್ತು ಹೋಗಿತ್ತು, ಗೋದಾಮಿಗೆ ಹೊರಟಾಗ ಎರಡೂವರೆ. ಜೀಪು ಕಾಯಲಿಲ್ಲ, ನಡೆದೇ ಹೋದೆವು. ಪೊಲೀಸು, ನರ್ಸು, ಲೇಬರ್ ಇನ್‌ಸ್ಪೆಕ್ಟರು, ಟೀಚರು ಒಂದೇ ಸಾಲಿನಲ್ಲಿ ನಡೆಯುವುದನ್ನು ನೋಡಿ ಬೇಕರಿಯವನು ಅಂಗಡಿಯಿಂದ ಇಳಿದು ಬಂದ. ಟೀಚರ್ ಏದುಸಿರು ಬಿಡುತ್ತ ಎಲ್ಲರಿಗಿಂತ ಮುಂದೆ ಇದ್ದರು.

ಲಾರಿ ಓಣಿಯ ಬಾಯಿಗೆ ಅಡ್ಡ ನಿಂತಿತ್ತು, ಅರ್ಧ ತುಂಬಿತ್ತು. ಮೇಸ್ತ್ರಿ ಸೋಮಲಿಂಗ ಬಾಗಿಲಲ್ಲೇ ಸಿಕ್ಕಿದ. ಬಿಳಿ ಅಂಗಿ, ಹಣೆಗೆ ಗಂಧ. ‘ಬರ್ರಿ ಬರ್ರಿ, ಇವತ್ತೇನು ನಾಕೂ ಇಲಾಖೆ ಕೂಡೇ ಬಂದೀರಿ. ಚಾ ತರಸ್ಲ್ಯಾ?’

‘ಮಕ್ಕಳನ್ನ ನೋಡಬೇಕಿತ್ತು’ ಎಂದರು ಹನೀಫ್ ಸಾಹೇಬರು.

‘ಮಕ್ಕಳು ಇಲ್ಲೆಲ್ಲಿ ಅದಾವ್ರಿ. ಬೇಕಾದ್ರ ನೀವ ನೋಡ್ರಿ’ ಎಂದು ಅವನು ಕೈ ಬೀಸಿ ಒಳಗೆಲ್ಲ ತೋರಿಸಿದ. ಹೀಗೆ ಎಷ್ಟು ಸಲ ತೋರಿಸಿದ್ದನೋ, ಅಷ್ಟು ಸಲೀಸಾಗಿ.

ಒಳಗೆ ಕೂದಲ ವಾಸನೆ, ಹಳೆಯ ಎಣ್ಣೆ ಮತ್ತು ಧೂಳು. ಗೋಡೆಯ ಉದ್ದಕ್ಕೂ ಮೊಳೆ ಹಲಗೆಗಳು. ಹಲಗೆಗಳ ಮುಂದೆ ಯಾರೂ ಇರಲಿಲ್ಲ, ಆದರೂ ಮೊಳೆಗಳ ನಡುವೆ ಕೂದಲು ತಾನಾಗಿ ಎಳೆದುಕೊಳ್ಳುತ್ತ, ಬಿಡಿಸಿಕೊಳ್ಳುತ್ತ, ಕಟ್ಟಾಗುತ್ತ ಇತ್ತು. ಕಪ್ಪು ಕೂದಲು, ನರೆತ ಕೂದಲು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಮೂರನೆಯ ಹಲಗೆಯ ಮುಂದೆ ಮಾತ್ರ ಇಬ್ಬರು ಹುಡುಗಿಯರು ಕೂತಿದ್ದರು. ಸರೋಜಿನಿ ಸಿಸ್ಟರ್ ನೇರವಾಗಿ ಹೋಗಿ ಒಬ್ಬಳ ಹೆಗಲ ಮೇಲೆ ಕೈ ಇಟ್ಟರು. ಮೇಸ್ತ್ರಿಯ ಬೀಸಿದ ಕೈ ಗಾಳಿಯಲ್ಲೇ ನಿಂತಿತು. ದ್ಯಾಮಣ್ಣನವರು ಅವನ ಅಂಗಿಯ ಜೇಬಿನಿಂದ ಲಾರಿಯ ಕೀಲಿ ತೆಗೆದುಕೊಂಡರು. ಅವನು ತಡೆಯಲಿಲ್ಲ. ಹುಡುಗಿಯರ ಕಡೆಗೂ ನಮ್ಮ ಕಡೆಗೂ ನೋಡುತ್ತ, ಎಲ್ಲಿ ತಪ್ಪಾಯಿತೆಂದು ಲೆಕ್ಕ ಹಾಕುತ್ತಿದ್ದ.

ಚಿಕ್ಕವಳು ದ್ಯಾಮಣ್ಣನವರ ಬೂಟು ನೋಡಿದಳು. ಅಲ್ಲಿಂದ ನಿಧಾನವಾಗಿ ಮೇಲಕ್ಕೆ ನೋಡುತ್ತ ಹೋದಳು. ಮೊಣಕಾಲು, ಬೆಲ್ಟು, ಎದೆ. ಮುಖಕ್ಕೆ ಬಂದಾಗ ಅವಳ ಬಾಯಿ ತೆರೆದೇ ಉಳಿಯಿತು.

‘ಪೊಲೀಸರಿಗೂ ಮಾರಿ ಇರ್ತೈತೇನು?’ ಎಂದು ದೊಡ್ಡವಳನ್ನು ಕೇಳಿದಳು.

ದ್ಯಾಮಣ್ಣನವರು ತಮ್ಮ ಗಲ್ಲ ಮುಟ್ಟಿ ನೋಡಿಕೊಂಡರು.

ದೊಡ್ಡವಳು, ಅವಳೇ ಚೆನ್ನವ್ವ, ನಮಗೆ ಬಿಡಿಸಿ ಹೇಳಿದಳು. ಅವರಿಗೆ ಇಷ್ಟು ದಿನ ಓಣಿಯಲ್ಲಿ ನಡೆಯುವ ಬೂಟು ಕಂಡಿತ್ತು, ಮೇಲೆ ಯಾರೂ ಇರಲಿಲ್ಲ. ಗೋದಾಮಿನಲ್ಲಿ ಪೆನ್ನು ಹಿಡಿದ ಕೈ ಕಂಡಿತ್ತು. ಬೆನ್ನಿಗೆ ಸ್ಟೆತಸ್ಕೋಪಿನ ತಣ್ಣಗಿನ ಬಿಲ್ಲೆಯೊಂದು ತಾಗಿತ್ತು. ಶಾಲೆಯಲ್ಲಿ ಹಾಜರಿ ಕರೆಯುವ ದನಿ. ಅಷ್ಟೇ. ಬೇಕರಿಯಲ್ಲಿ ಒಂದು ಬೆನ್ನು. ‘ಯಾರದೂ ಮಾರಿ ಇರಲಿಲ್ರಿ’ ಎಂದಳು. ‘ಮೇಸ್ತ್ರಿದೊಂದ ಇತ್ತು.’

ಇದು ನಮ್ಮ ಯಾವ ಫಾರಂನಲ್ಲೂ ಇಲ್ಲ. ಹಿಂದಿನ ಹದಿನೇಳು ಮಕ್ಕಳಲ್ಲಿ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಫಿಲೋಮಿನಾ ಟೀಚರ್ ನೆಲದ ಮೇಲೆ ಕೂತುಬಿಟ್ಟರು. ಚಿಕ್ಕವಳ ಎದುರಿಗೆ ಮುಖ ತಂದು, ‘ನಿನ್ನ ಹೆಸರೇನು?’ ಎಂದರು.

‘ಚೆನ್ನವ್ವ’ ಎಂದಳು ಅವಳು, ರೂಢಿಯಿಂದ. ಆಮೇಲೆ ದೊಡ್ಡವಳ ಕಡೆ ನೋಡಿ, ಅವಳು ತಲೆಯಾಡಿಸಿದ ಮೇಲೆ, ‘ಹುಲಿಗೆಮ್ಮ’ ಎಂದಳು. ‘ಟೀಚರ್, ನೀವು ಇಷ್ಟು ದಪ್ಪ ಅದೀರಂತ ನಮಗ ಗೊತ್ತ ಇರಲಿಲ್ಲ. ದನಿ ಸಣ್ಣದೈತಿ.’

ಹನೀಫ್ ಸಾಹೇಬರು ಹಲಗೆಗಳ ಮುಂದೆ ಬಾಗಿ ಬಾಗಿ ನೋಡುತ್ತ ಗೋಡೆಯ ತುದಿಯವರೆಗೆ ಹೋಗಿ ಬಂದರು. ‘ಇನ್ನೂ ಒಂಬತ್ತು ಜೊತೆ ಕೈ ಅದಾವು’ ಎಂದರು. ಸ್ವಲ್ಪ ತಡೆದು, ‘ಒಂಬತ್ತೋ, ಹೆಚ್ಚೋ. ಹೆಚ್ಚೂ ಇರಬಹುದು’ ಎಂದರು. ಯಾರೂ ಅವರನ್ನು ಎಲ್ಲಿಗೂ ಕಳಿಸಲಿಲ್ಲ.

ಮುಂದಿನ ಗುರುವಾರದ ತನಕ ಕಾಯುವುದಿಲ್ಲ, ಮೇಜನ್ನೇ ಇಲ್ಲಿಗೆ ತರಿಸಬೇಕು ಎಂದು ಸಿಸ್ಟರ್ ಹೇಳಿದರು. ಅವರು ನಾಲ್ವರೂ ಗೋದಾಮಿನಲ್ಲೇ ನಿಲ್ಲುವುದೆಂದಾಯಿತು. ಹುಡುಗಿಯರನ್ನು ಸರ್ಕಾರಿ ಹಾಸ್ಟೆಲಿಗೆ ಮುಟ್ಟಿಸಿ, ಹಮಾಲರನ್ನು ಹಿಡಿದು ಮೇಜು ಹೊರಿಸಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಕುರ್ಚಿ ಎಷ್ಟು ಬೇಕು ಎಂದು ಕೇಳಿದೆ. ಸಿಕ್ಕಷ್ಟು ತಾ ಎಂದರು.

ನನಗೆ ಅವಸರವಿತ್ತು. ಇಬ್ಬರ ಕೈ ಹಿಡಿದು ಲಾರಿಯ ಪಕ್ಕದ ಸಂದಿಯಿಂದ ಓಣಿ ದಾಟಿಸಿ ಪೇಟೆ ಬೀದಿಗೆ ಬಂದೆ. ಬೀದಿಯಲ್ಲಿ ಜನ ನಿಂತಿದ್ದರು. ಹುಡುಗಿಯರು ಅವರಿಗೆ ಕಾಣುತ್ತಿದ್ದರು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹುಲಿಗೆಮ್ಮ ಕೈ ಬಿಡಿಸಿಕೊಂಡು ನಿಂತಳು. ಬೇಕರಿಯವನ ಮುಂದೆ ನಿಂತು ಅವನ ಮುಖವನ್ನು ನೋಡಿದಳು, ನಾನು ಫಾರಂ ತುಂಬುವಾಗ ನೋಡುವ ಹಾಗೆ, ಹುಬ್ಬಿನಿಂದ ಗದ್ದದವರೆಗೆ. ಅವನು ಬೆನ್ನು ತಿರುಗಿಸಲು ಹೋದವನು ಹಾಗೇ ನಿಂತ. ಆಮೇಲೆ ಕಂಡಕ್ಟರನ ಮುಂದೆ ನಿಂತಳು. ಆಮೇಲೆ ಹೂವಿನವಳ ಮುಂದೆ. ಚೆನ್ನವ್ವ ಒಂದು ಹೆಜ್ಜೆ ಹಿಂದಿನಿಂದ ಅದೇ ಮುಖಗಳನ್ನು ಎರಡನೆಯ ಸಲ ನೋಡುತ್ತ ಬಂದಳು. ನೋಡಿಸಿಕೊಂಡವರು ಒಬ್ಬೊಬ್ಬರೂ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು.

‘ನಡಿಯವ್ವ, ಹೊತ್ತಾಗೇತಿ’ ಎಂದೆ. ‘ಒಳಗ ಇನ್ನೂ ಒಂಬತ್ತು ಜನ ಅದಾರ.’

ಹುಲಿಗೆಮ್ಮ ತಿರುಗಿ ಈ ಸಲ ನನ್ನನ್ನು ನೋಡಿದಳು. ನಾನು ಅವಳಿಗೆ ಇಷ್ಟು ದಿನ ಬೂಟೂ ಆಗಿರಲಿಲ್ಲ, ದನಿಯೂ ಆಗಿರಲಿಲ್ಲ. ಏನೂ ಆಗಿರಲಿಲ್ಲ.

‘ತಡೀರಿ ಅಕ್ಕಾರ’ ಎಂದಳು. ‘ನೋಡಾಕತ್ತೀನಿ.’

ನಾನು ನಿಂತೆ.